ಸೋರುವ ಬೈಕ್ ಟ್ಯಾಂಕಿಗೆ ಮನೆಮದ್ದು: ಸೋಪು, ಪುಟ್ಟಿ, ಒಳಲೇಪನದ ಕಿಟ್ ಮತ್ತು ಒಂದು ಬ್ರೇಸಿಂಗ್ ಅಂಗಡಿ

ನಮ್ಮ ಮನೆಯ 1989ರ ಯೆಜ್ಡಿ ರೋಡ್‌ಕಿಂಗ್‌ನ ಪೆಟ್ರೋಲ್ ಟ್ಯಾಂಕ್ ಸೋರುತ್ತಿದೆ ಎಂಬುದನ್ನು ಮೊದಲು ಕಂಡುಹಿಡಿದವರು ಅಮ್ಮ. 2023ರ ಮೇ ತಿಂಗಳ ಕೊನೆಯ ಒಂದು ಸಂಜೆ ದೇವರ ದೀಪಕ್ಕೆಂದು ಬೆಂಕಿಕಡ್ಡಿ ಕೈಗೆತ್ತಿಕೊಂಡವರು ಹಾಗೆಯೇ ತಡೆದು ನಿಂತು, “ಎಂತದೋ ಪೆಟ್ರೋಲ್ ವಾಸನೆ ಬರ್ತಾ ಇದೆ ಮಗ, ಒಂಚೂರು ನೋಡು” ಎಂದು ಕೂಗಿದರು. ಬೈಕು ನಿಲ್ಲುತ್ತಿದ್ದುದು ದೇವರ ಕೋಣೆಯ ಗೋಡೆಗೆ ತಾಗಿದ ಹಳೆಯ ಕೊಟ್ಟಿಗೆಯಲ್ಲಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಅದು ಮೇಲೇರಿ ಚದುರಿಹೋಗುವ ಬದಲು ನೆಲವನ್ನೇ ಹಿಡಿದು ಹರಿಯುತ್ತದೆ, ಬಾಗಿಲ ಸಂದಿನಲ್ಲಿ ನುಸುಳುತ್ತದೆ, ಎಲ್ಲೋ ದೂರದಲ್ಲಿರುವ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಒಂದೂವರೆ ಪಾಲಿನಷ್ಟು ಬೆರೆತಿದ್ದರೂ ಹೊತ್ತಿಕೊಳ್ಳಲು ಸಾಕು. ಅಂದು ಅಮ್ಮನ ಮೂಗು ಚುರುಕಾಗಿರದಿದ್ದರೆ ಏನಾಗುತ್ತಿತ್ತೆಂಬುದನ್ನು ಈಗಲೂ ನೆಮ್ಮದಿಯಿಂದ ಯೋಚಿಸಲಾರೆ.

ಆ ಸಂಜೆಯಿಂದ ನವೆಂಬರಿನವರೆಗೆ ಆ ಒಂದು ಟ್ಯಾಂಕಿನ ಮೇಲೆ ನಾನು ಬಾರ್ ಸೋಪು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಪಾಕ್ಸಿ ಪುಟ್ಟಿ, ಟ್ಯಾಂಕಿನ ಒಳಗೆ ಬಳಿಯುವ ಲೇಪನದ ಕಿಟ್, ಇವಿಷ್ಟನ್ನೂ ಬಳಸಿದೆ. ನಡುವೆ ಒಂದು ಬ್ರೇಸಿಂಗ್ ಅಂಗಡಿಯ, ಅಂದರೆ ಹಿತ್ತಾಳೆ ಕರಗಿಸಿ ತಗಡನ್ನು ಬೆಸೆಯುವ ಅಂಗಡಿಯ, ಮೆಟ್ಟಿಲನ್ನೂ ಹತ್ತಿದೆ. ಇವುಗಳಲ್ಲಿ ಯಾವುದು ಎಷ್ಟಕ್ಕೆ ಬಾಳುತ್ತದೆ ಎಂಬುದನ್ನು, ಎರಡು ಮಳೆಗಾಲ ಕಳೆದ ಮೇಲೆ, ಈಗ ಧೈರ್ಯವಾಗಿ ಬರೆಯಬಹುದು ಅನಿಸುತ್ತಿದೆ. ಪುಟ್ಟಿಯಾಗಲಿ ಕಿಟ್ ಆಗಲಿ, ಒಂದೇ ಬಗೆಯ ಸಾಮಾನು ಹಲವು ಹೆಸರುಗಳಲ್ಲಿ ಮಾರುಕಟ್ಟೆಗೆ ಬರುವುದರಿಂದ ಬ್ರಾಂಡುಗಳನ್ನು ಬಿಟ್ಟು ಬಗೆಯನ್ನು ಮಾತ್ರ ವಿಮರ್ಶಿಸುತ್ತೇನೆ.

ಹೊಸ ಟ್ಯಾಂಕನ್ನೇ ಏಕೆ ಕೊಳ್ಳಲಿಲ್ಲ ಎಂದು ಹಲವರು ಕೇಳಿದ್ದಾರೆ. ಈ ಬೈಕು ತಯಾರಾದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಮುಚ್ಚಿತು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿದರೆ ಅದೇ ಆಕಾರದಲ್ಲಿ ಬೇರೆಯವರು ತಯಾರಿಸಿದ ಟ್ಯಾಂಕು ಸಿಗುತ್ತದೆಂದು ಹೇಳುತ್ತಾರಾದರೂ, ಮೂವತ್ತು ವರ್ಷ ಅಪ್ಪಯ್ಯನ ಮೊಣಕಾಲು ತಾಗಿ ತಾಗಿ ಎರಡೂ ಬದಿಗೆ ಬಣ್ಣ ಸವೆದಿರುವ ಈ ಟ್ಯಾಂಕನ್ನು ಗುಜರಿಗೆ ಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ಕಾರ್ಖಾನೆಯಲ್ಲಿ ಒತ್ತಿದ ಹಳೆಯ ತಗಡು ಸಾಕಷ್ಟು ದಪ್ಪವಾಗಿದ್ದು, ತುಕ್ಕು ಹಿಡಿದ ಜಾಗ ಬಿಟ್ಟರೆ ಉಳಿದೆಲ್ಲ ಕಡೆ ಬೆರಳಿನಿಂದ ಬಡಿದರೆ ಗಟ್ಟಿ ಸದ್ದೇ ಬರುತ್ತಿತ್ತು.

ಯಾವ ಸಾಮಾನನ್ನು ಕೊಳ್ಳುವುದಕ್ಕೂ ಮೊದಲು ಸೋರುತ್ತಿರುವುದು ಎಲ್ಲಿಂದ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು. ಪೆಟ್ರೋಲ್ ತಗಡಿನ ಅಡಿಯಲ್ಲಿ ತೆವಳಿಕೊಂಡು ಹೋಗಿ ಗೇಣು ದೂರದಲ್ಲಿ ತೊಟ್ಟಿಕ್ಕುವುದರಿಂದ ಹನಿ ಬೀಳುವ ಜಾಗವೇ ತೂತಿನ ಜಾಗವೆಂದು ನಂಬುವಂತಿಲ್ಲ. ಎಷ್ಟೋ ಸಲ ಟ್ಯಾಂಕಿನಲ್ಲಿ ಯಾವ ದೋಷವೂ ಇರುವುದಿಲ್ಲ, ಟ್ಯಾಂಕಿನ ಅಡಿಯ ಪೆಟ್ರೋಲ್ ನಲ್ಲಿಯ, ಅಂದರೆ ಕಾಕ್‌ನ, ವಾಷರ್ ಒಣಗಿ ಬಿರಿದಿರುತ್ತದೆ ಅಷ್ಟೇ. ಹಾಗಿದ್ದರೆ ಖರ್ಚು ಒಂದು ವಾಷರಿನ ಬೆಲೆಗೇ ಮುಗಿಯುತ್ತದೆ. ನಾನು ಕಾಕ್ ಬಿಚ್ಚಿ ವಾಷರ್ ಬದಲಿಸಿದ ಮೇಲೂ ವಾಸನೆ ನಿಲ್ಲಲಿಲ್ಲ. ಇದರಂಥ ಹಳೆಯ ಎರಡು ಸ್ಟ್ರೋಕಿನ ಬೈಕುಗಳಲ್ಲಿ ಒಂದು ಅನುಕೂಲವಿದೆ: ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕುವುದರಿಂದ, ಸೋರಿದ ಪೆಟ್ರೋಲ್ ಆರಿಹೋದರೂ ಆಯಿಲ್ ಅಲ್ಲೇ ಉಳಿದು ಧೂಳನ್ನು ಹಿಡಿದುಕೊಳ್ಳುತ್ತದೆ. ಟ್ಯಾಂಕಿನ ಅಡಿಯಲ್ಲಿ ಕಾಡಿಗೆ ಎಳೆದಂತಹ ಒಂದು ಕಪ್ಪು ಗೆರೆ ಇತ್ತು. ಅದರ ಮೇಲ್ತುದಿ ಕಾಕ್‌ನಿಂದ ನಾಲ್ಕು ಬೆರಳು ಹಿಂದೆ, ಎರಡು ತಗಡುಗಳು ಕೂಡುವ ಅಂಚಿನ ಹತ್ತಿರ ನಿಲ್ಲುತ್ತಿತ್ತು.

ಅದನ್ನು ಸಾಬೀತುಪಡಿಸಿಕೊಳ್ಳಲು ವೆಲ್ಡಿಂಗ್ ಕೆಲಸದವರು ಬಳಸುವ ಹಳೆಯ ಉಪಾಯವೊಂದಿದೆ, ಅದಕ್ಕೆ ಬೇಕಾಗುವುದು ಸೀಮೆಸುಣ್ಣ ಮತ್ತು ಸೀಮೆಎಣ್ಣೆ ಮಾತ್ರ. ಟ್ಯಾಂಕನ್ನು ಬರಿದು ಮಾಡಿ, ಹೊರಗಡೆ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಅನುಮಾನದ ಜಾಗಕ್ಕೆ ಬಳಿದು ಒಣಗಲು ಬಿಡಬೇಕು. ಆಮೇಲೆ ಒಳಗೆ ಅರ್ಧ ಲೀಟರ್ ಸೀಮೆಎಣ್ಣೆ ಹಾಕಿ ಕಾಯಬೇಕು. ಸೀಮೆಎಣ್ಣೆ ಈಗ ಸುಲಭವಾಗಿ ಸಿಗದಿರುವುದರಿಂದ ನಾನು ಡೀಸೆಲ್ ಬಳಸಿದೆ. ಎರಡೂ ಸಾಮಾನ್ಯ ಹವೆಯಲ್ಲಿ ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಆದರೆ ಸಣ್ಣ ತೂತನ್ನೂ ಬಿಡದೆ ನುಸುಳುತ್ತವೆ. ಹತ್ತು ನಿಮಿಷವಾಗುವಷ್ಟರಲ್ಲಿ ಬೆಳ್ಳಗಿನ ಸುಣ್ಣದ ಮೇಲೆ ಸಾಸಿವೆ ಕಾಳಿನಷ್ಟು ಒದ್ದೆ ಚುಕ್ಕೆ ಮೂಡಿತು, ನೋಡನೋಡುತ್ತಿದ್ದಂತೆ ಅದು ರಾಗಿ ರೊಟ್ಟಿಯ ಅಂಚಿನಂತೆ ಅಂಕುಡೊಂಕಾಗಿ ಹರಡಿತು. ತೂತು ಇದ್ದದ್ದು ಚುಕ್ಕೆಯ ನಟ್ಟನಡುವೆ.

ಅಲ್ಲೇ ಏಕೆ ತೂತಾಯಿತು ಎಂಬುದಕ್ಕೂ ಕಾರಣವಿದೆ. ಬೈಕಿನ ಟ್ಯಾಂಕು ಫ್ರೇಮಿನ ಕೊಳವೆಯ ಮೇಲೆ ಕುದುರೆಯ ಬೆನ್ನಿನ ಜೀನಿನಂತೆ ಕೂರುವುದರಿಂದ ಅದರ ಎರಡು ಬದಿಗಳಲ್ಲೂ ತಗ್ಗಾದ ಗುಂಡಿಗಳಿರುತ್ತವೆ. ರಿಸರ್ವಿಗೆ ತಿರುಗಿಸಿದರೂ ಕಾಕ್‌ನ ಬಾಯಿ ತಳಕ್ಕಿಂತ ಕೊಂಚ ಮೇಲಿರುವುದರಿಂದ ಅತ್ಯಂತ ಕೆಳಗಿನ ಪದರ ಎಂದಿಗೂ ಪೂರ್ತಿ ಇಳಿದುಹೋಗುವುದಿಲ್ಲ. ನೀರು ಪೆಟ್ರೋಲಿಗಿಂತ ಭಾರ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಮಳೆಗಾಲದ ತೇವ ಹನಿಗಟ್ಟಿ ಇಳಿದು ಆ ಗುಂಡಿಯಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಅಪ್ಪಯ್ಯ ಹೋದ ಮೇಲೆ ಮೂರು ಮಳೆಗಾಲ ಈ ಬೈಕು ತೀರ್ಥಹಳ್ಳಿಯ ಕೊಟ್ಟಿಗೆಯಲ್ಲಿ ಅರ್ಧ ಟ್ಯಾಂಕು ಪೆಟ್ರೋಲಿನೊಂದಿಗೆ ಸುಮ್ಮನೆ ನಿಂತಿತ್ತು. ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತ ಬಂದಿದೆ; ಹೊರಗಿನ ತೂತು ಅದರ ಕೊನೆಯ ಹೆಜ್ಜೆ ಮಾತ್ರ. ಇದು ಮನಸ್ಸಿಗೆ ಇಳಿಯದಿದ್ದರೆ ಪುಟ್ಟಿ ಏಕೆ ಸೋಲುತ್ತದೆ ಎಂಬುದು ಅರ್ಥವಾಗುವುದಿಲ್ಲ, ನನಗೂ ಆಗ ಅದು ಇಳಿದಿರಲಿಲ್ಲ.

ಮೊದಲು ಸೋಪಿನ ಮಾತು. ಬಟ್ಟೆ ಒಗೆಯುವ ಗಟ್ಟಿ ಬಾರ್ ಸೋಪನ್ನು ಒಣಗಿದ್ದಂತೆಯೇ ತೂತಿನ ಮೇಲೆ ಒತ್ತಿ ಉಜ್ಜಿದರೆ ಸೋರಿಕೆ ನಿಲ್ಲುತ್ತದೆ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಲಾರಿ ಚಾಲಕರಿಂದ ಹಿಡಿದು ಊರಿನ ಮೆಕ್ಯಾನಿಕ್‌ಗಳವರೆಗೆ ಎಲ್ಲರಿಗೂ ಗೊತ್ತಿರುವ ಈ ಉಪಾಯ ಅಂದು ರಾತ್ರಿ ನಮ್ಮನ್ನು ಕಾಪಾಡಿತು. ಆದರೆ ಅದು ನೀರಿನಲ್ಲಿ ಕರಗುವುದರಿಂದ ಒಂದು ಮಳೆಗೆ ತೊಳೆದುಹೋಗುತ್ತದೆ, ಗಾಡಿಯ ನಡುಕಕ್ಕೆ ಉದುರುತ್ತದೆ. ದಾರಿಯಲ್ಲಿ ಸೋರಲು ತೊಡಗಿದ ಗಾಡಿಯನ್ನು ಸಮೀಪದ ಗ್ಯಾರೇಜಿಗೆ ಮುಟ್ಟಿಸುವುದಕ್ಕೆ, ಅಥವಾ ಟ್ಯಾಂಕನ್ನು ಬರಿದು ಮಾಡುವಷ್ಟು ಹೊತ್ತು ಹನಿ ನಿಲ್ಲಿಸುವುದಕ್ಕೆ ಇದಕ್ಕಿಂತ ಒಳ್ಳೆಯದೂ ಅಗ್ಗವೂ ಆದ ಸಾಮಾನು ಇನ್ನೊಂದಿಲ್ಲ. ಟೂಲ್ ಬಾಕ್ಸಿನಲ್ಲಿ ಒಂದು ತುಂಡು ಇಟ್ಟುಕೊಳ್ಳಿ.

ಎರಡನೆಯದು ಎಪಾಕ್ಸಿ ಪುಟ್ಟಿ. ಎರಡು ಬಣ್ಣದ ಉಂಡೆಗಳನ್ನು ಸಮ ಸಮ ಕಿತ್ತು, ಬಣ್ಣದ ಗೆರೆಗಳು ಪೂರ್ತಿ ಮಾಯವಾಗುವವರೆಗೆ ಚಪಾತಿ ಹಿಟ್ಟಿನಂತೆ ನಾದಿ ಮೆತ್ತುವ ಈ ಸಾಮಾನು ನಲ್ಲಿ, ಪೈಪು, ಸಿಂಟೆಕ್ಸುಗಳ ಸೋರಿಕೆಗೆಂದು ಎಲ್ಲರ ಮನೆಯಲ್ಲೂ ಇರುತ್ತದೆ. ಜೂನ್ ಮೊದಲ ವಾರ ನಾನು ಟ್ಯಾಂಕನ್ನು ಬರಿದು ಮಾಡಿ ಎರಡು ದಿನ ಅಂಗಳದಲ್ಲಿ ಬಾಯಿ ತೆರೆದಿಟ್ಟು, ತೂತಿನ ಸುತ್ತ ಎರಡು ಅಂಗುಲ ಬಣ್ಣವನ್ನು 80ನೇ ನಂಬರಿನ ಉಪ್ಪುಕಾಗದದಿಂದ ಉಜ್ಜಿ, ತಗಡು ಬೆಳ್ಳಗೆ ಹೊಳೆಯುವಂತೆ ಮಾಡಿ, ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿ, ಪುಟ್ಟಿಯನ್ನು ಅಂಚಿನ ಕಡೆಗೆ ತೆಳುವಾಗಿಸಿ ಒತ್ತಿದೆ. ಮಾರನೆಯ ದಿನ ಅದು ಕಲ್ಲಿನಂತಾಗಿತ್ತು. ಐದು ವಾರ ಒಂದು ಹನಿಯೂ ಬೀಳಲಿಲ್ಲ; ನಾನು ಪೆಟ್ರೋಲ್ ತುಂಬಿಸಿ ಆಗುಂಬೆಯವರೆಗೆ ಹೋಗಿ ಬಂದೆ. ಆರನೆಯ ವಾರ ಪುಟ್ಟಿಯ ಅಂಚಿನಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿಕೊಂಡಿತು, ಉಗುರು ತಾಗಿಸಿದರೆ ಒಳಗಿನಿಂದ ಪೆಟ್ರೋಲ್ ಒಸರಿತು.

ಇದರ ದೋಷವನ್ನು ಪೂರ್ತಿಯಾಗಿ ಪುಟ್ಟಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಮೆತ್ತಿದ ತುಂಡು ಎಲ್ಲೂ ಬಿರುಕು ಬಿಟ್ಟಿರಲಿಲ್ಲ, ಮೆತ್ತಗಾಗಿಯೂ ಇರಲಿಲ್ಲ. ಅದು ಹಿಡಿದುಕೊಂಡಿದ್ದ ತಗಡೇ ಹಿಂಬದಿಯಿಂದ ಸವೆದು ಕಾಗದದಂತಾಗಿತ್ತು, ತುಕ್ಕು ತನ್ನ ಕೆಲಸವನ್ನು ಮುಂದುವರಿಸಿ ಪುಟ್ಟಿಯ ಅಂಚನ್ನು ದಾಟಿ ಇನ್ನೊಂದು ದಾರಿ ಮಾಡಿಕೊಂಡಿತ್ತು. ಕಲ್ಲು ತಾಗಿ ತೂತಾದ, ಒಳಗೆ ತುಕ್ಕೇ ಇಲ್ಲದ ಹೊಸ ಟ್ಯಾಂಕಿಗೆ ಪುಟ್ಟಿ ಬಹುಕಾಲ ಬಾಳಬಹುದು. ತುಕ್ಕಿನಿಂದ ತೂತಾದ ಟ್ಯಾಂಕಿಗೆ ಅದು ಕೆಲವು ವಾರಗಳ ಗಡುವು ಕೊಡುತ್ತದೆ. ಸೋರುತ್ತಿರುವಾಗಲೇ ಮೆತ್ತಿದರೂ ಹಿಡಿಯುತ್ತದೆ ಎಂದು ಅಂಗಡಿಯಲ್ಲಿ ಹೇಳುವುದನ್ನು ಮಾತ್ರ ನಂಬಬೇಡಿ, ತಗಡಿನ ಮೇಲೆ ಪೆಟ್ರೋಲಿನ ತೆಳು ಪೊರೆಯಿದ್ದರೆ ಯಾವ ಎಪಾಕ್ಸಿಯೂ ಅಂಟುವುದಿಲ್ಲ. ಬಚ್ಚಲುಮನೆಗೆ ಬಳಸುವ ಸಿಲಿಕೋನ್ ಟ್ಯೂಬನ್ನಂತೂ ಪೆಟ್ರೋಲ್ ಟ್ಯಾಂಕಿನ ಹತ್ತಿರಕ್ಕೇ ತರಬಾರದು. ಅದು ಪೆಟ್ರೋಲ್ ಕುಡಿದು ಉಬ್ಬಿ ಕಿತ್ತುಬರುತ್ತದೆ.

ಮೂರನೆಯದಾದ ಒಳಲೇಪನದ ಕಿಟ್ಟೇ ಈ ಬರಹದ ಮುಖ್ಯ ವಿಷಯ. ಹೊರದೇಶದಲ್ಲಿ ತಯಾರಾಗಿ ಆನ್‌ಲೈನ್‌ನಲ್ಲಿ ದೊರೆಯುವ ನಾನು ಕೊಂಡ ಕಿಟ್ಟಿನಲ್ಲಿ ಜಿಡ್ಡು ತೆಗೆಯುವ ದ್ರಾವಣ, ಫಾಸ್ಫಾರಿಕ್ ಆಮ್ಲವುಳ್ಳ ತುಕ್ಕುನಾಶಕ, ಎರಡು ಡಬ್ಬಿಗಳಲ್ಲಿ ಎಪಾಕ್ಸಿ ಲೇಪನ ಇದ್ದವು. ಬೆಲೆ ಪುಟ್ಟಿಯ ಹತ್ತಾರು ಪಟ್ಟು. ತಯಾರಿಯನ್ನು ಅರ್ಧಕ್ಕೆ ಬಿಡುವವರಿಗೆ ಇದು ಶುದ್ಧ ದಂಡ, ಪೂರ್ತಿ ಮಾಡುವ ತಾಳ್ಮೆಯುಳ್ಳವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಕೊಳ್ಳುವ ಮೊದಲು ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ಲೇಪನ ಎಥನಾಲನ್ನು ತಡೆದುಕೊಳ್ಳುತ್ತದೆಯೇ? ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎರಡೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ, ಅಂದರೆ ಅದೇ ಗುಂಡಿಗೆ, ಇಳಿಯುತ್ತವೆ. ಹಳೆಯ ಕಾಲದ ಕೆಲವು ಲೇಪನಗಳು ಇಂಥ ಪೆಟ್ರೋಲಿನಲ್ಲಿ ಮೆತ್ತಗಾಗಿ ಪದರ ಪದರವಾಗಿ ಕಿತ್ತು ಕಾರ್ಬೊರೇಟರಿಗೆ ಸೇರುತ್ತವೆ. ಎಥನಾಲಿನ ಹೆಸರನ್ನೇ ಹೇಳದ ಡಬ್ಬಿಯನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ.

ಕಿಟ್ ಜುಲೈ ಕೊನೆಯಲ್ಲೇ ಕೈಸೇರಿತಾದರೂ ನಾನು ಅದನ್ನು ಬಳಸಿದ್ದು ದೀಪಾವಳಿಯ ನಂತರ. ಚೀಟಿಯಲ್ಲಿ ಟ್ಯಾಂಕಿನ ಒಳಗೆ ತೇವದ ಲವಲೇಶವೂ ಇರಬಾರದೆಂದು ದಪ್ಪಕ್ಷರದಲ್ಲಿ ಬರೆದಿದ್ದರು. ಆಷಾಢ ಶ್ರಾವಣಗಳಲ್ಲಿ ಕಂಬಳಿಯೂ ಒಣಗದ ನಮ್ಮ ಊರಿನಲ್ಲಿ ಅದು ಆಗದ ಮಾತು. ಮಲೆನಾಡು, ಕರಾವಳಿಯ ಓದುಗರು ಈ ಕೆಲಸವನ್ನು ನವೆಂಬರಿನಿಂದ ಮೇ ನಡುವೆ ಇಟ್ಟುಕೊಳ್ಳುವುದು ಒಳ್ಳೆಯದು. ಅಷ್ಟು ತಿಂಗಳು ಬೈಕನ್ನು ಹೊರತೆಗೆಯಲಾರದೆ ಕಾದದ್ದು ಬೇಸರವಾದರೂ ಮಾಡಿದ್ದು ಸರಿಯೆಂದೇ ಈಗಲೂ ಅನಿಸುತ್ತದೆ.

ಕೆಲಸ ಆರಂಭಿಸಿದ ದಿನ ಬ್ಯಾಟರಿಯ ವೈರು ಕಳಚಿ, ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಕ್ಯಾನಿಗೆ ಇಳಿಸಿ, ಟ್ಯಾಂಕನ್ನು ಒಲೆಯಿಂದಲೂ ಮನೆಯಿಂದಲೂ ದೂರ ಅಡಿಕೆ ಒಣಗಿಸುವ ಅಂಗಳಕ್ಕೆ ಒಯ್ದೆ. ಕಾಕ್‌ನ ಬಾಯಿಗೆ ರಬ್ಬರ್ ಇಟ್ಟು ಬೋಲ್ಟಿನಿಂದ ಬಿಗಿದು, ಬಿಸಿನೀರು ಮತ್ತು ಜಿಡ್ಡು ತೆಗೆಯುವ ದ್ರಾವಣವನ್ನು ಹಾಕಿ, ಜತೆಗೆ 25 ಸಣ್ಣ ನಟ್ಟುಗಳನ್ನು ಎಣಿಸಿ ಒಳಗೆ ಬಿಟ್ಟೆ. ಟ್ಯಾಂಕನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ತೊಟ್ಟಿಲು ತೂಗಿದಂತೆ ಎಲ್ಲ ಮಗ್ಗುಲಿಗೂ ಅರ್ಧ ಗಂಟೆ ಅಲುಗಿಸಿದಾಗ ಹೊರಬಂದ ನೀರು ಇಟ್ಟಿಗೆಯ ಬಣ್ಣಕ್ಕಿತ್ತು, ಅದರಲ್ಲಿ ಹುರಿಗಡಲೆ ಸಿಪ್ಪೆಯಂಥ ತುಕ್ಕಿನ ಚಕ್ಕೆಗಳಿದ್ದವು. ನಟ್ಟುಗಳನ್ನು ಎಣಿಸಿದರೆ 24. ಇಪ್ಪತ್ತೈದನೆಯದು ಮೂಲೆಯಲ್ಲಿ ಸಿಕ್ಕಿಕೊಂಡಿತ್ತು, ಹಳೆಯ ಸ್ಪೀಕರಿನ ಅಯಸ್ಕಾಂತದ ಚೂರನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಅದನ್ನು ಎತ್ತಬೇಕಾಯಿತು. ಹಾಕುವಾಗ ಎಣಿಸಿರದಿದ್ದರೆ ಅದು ಲೇಪನದ ಅಡಿಯಲ್ಲಿ ಶಾಶ್ವತವಾಗಿ ಅಂಟಿಕೊಳ್ಳುತ್ತಿತ್ತು.

ಕಿಟ್ಟಿನ ತುಕ್ಕುನಾಶಕ ನಮ್ಮ ಟ್ಯಾಂಕಿಗೆ ಸಾಲಲಿಲ್ಲ. ಇದು ಕಿಟ್ಟಿನ ಕೊರತೆ ಎಂದೇ ಹೇಳಬೇಕು. ಹಗುರ ತುಕ್ಕಿಗೆ ಅಷ್ಟು ಪ್ರಮಾಣ ಸಾಕಾದೀತು, ಮೂರು ಮಳೆಗಾಲದ ತುಕ್ಕಿಗೆ ಆಗದು. ಹಾಗಾಗಿ ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ಲೀಟರಿಗೆ 100 ಗ್ರಾಂನಂತೆ ಬಿಸಿನೀರಿನಲ್ಲಿ ಕರಗಿಸಿ ಟ್ಯಾಂಕಿನ ಕಂಠದವರೆಗೆ ತುಂಬಿ ಒಂದು ರಾತ್ರಿ ಬಿಟ್ಟೆ, ಕಿಟ್ಟಿನ ಆಮ್ಲವನ್ನು ಕೊನೆಯ ಸುತ್ತಿಗೆ ಉಳಿಸಿಕೊಂಡೆ. ಹುಣಸೆಹುಳಿ ಹಚ್ಚಿ ತಾಮ್ರದ ಹಂಡೆಯನ್ನು ಬೆಳಗುವುದನ್ನು ನೋಡಿ ಬೆಳೆದವರಿಗೆ ಈ ವಿದ್ಯೆ ಹೊಸದೇನಲ್ಲ, ಹುಳಿ ಯಾವುದಾದರೂ ಲೋಹದ ಕಿಲುಬು ಕರಗಿಸುವ ಬಗೆ ಒಂದೇ. ಬೆಳಿಗ್ಗೆ ಟ್ಯಾಂಕಿನ ಒಳಗಣ ತಗಡು ಬೂದು ಬಣ್ಣಕ್ಕೆ ತಿರುಗಿತ್ತು. ಅದರ ಜತೆ ಟ್ಯಾಂಕಿನ ಅಡಿಯಲ್ಲಿ ಮೊದಲಿದ್ದ ಒಂದು ತೂತಿನ ಬದಲು ಮೂರು ತೂತುಗಳಿದ್ದವು! ಒಂದೆರಡು ಕ್ಷಣ ಎದೆ ಧಸಕ್ಕೆಂದಿತು. ಆದರೆ ಹೊಸ ಎರಡು ತೂತುಗಳನ್ನು ಆಮ್ಲ ಮಾಡಿರಲಿಲ್ಲ. ಅವು ತುಕ್ಕಿನ ಬೂಚಿನಿಂದ ಮುಚ್ಚಿಕೊಂಡಿದ್ದು, ಬೂಚು ಕರಗಿದಾಗ ಬಯಲಾದವು. ಪುಟ್ಟಿಯ ಪಕ್ಕದಿಂದ ಮತ್ತೆ ಸೋರಿದ ಗುಟ್ಟೂ ಅದೇ.

ತುಕ್ಕು ಹೋದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಟ್ಯಾಂಕನ್ನು ಫ್ರೇಮಿಗೆ ಹಿಡಿಯುವ ಹಿಂದಿನ ಪಟ್ಟಿಯ ಬುಡದಲ್ಲಿ, ಜೋಡಣೆಯ ಅಂಚಿಗೆ ಹೊಂದಿಕೊಂಡಂತೆ, ಅರ್ಧ ಅಂಗುಲದ ಕೂದಲೆಳೆಯ ಬಿರುಕು. ಸೂಜಿಮೊನೆಯ ತೂತುಗಳನ್ನು ಒಳಲೇಪನ ಮುಚ್ಚುತ್ತದೆ, ಆದರೆ ಎಂಜಿನ್ ನಡುಗಿದಾಗಲೆಲ್ಲ ಬಾಯಿ ಬಿಡುವ ಬಿರುಕನ್ನು ಅದು ಹಿಡಿದಿಡಲಾರದು; ಲೇಪನಕ್ಕೆ ತಗಡಿನ ಬಲವಿಲ್ಲ. ಅದಕ್ಕೆ ಬೆಂಕಿಯ ಕೆಲಸವೇ ಆಗಬೇಕು, ಅದನ್ನು ಲೇಪನಕ್ಕೆ ಮೊದಲೇ ಮಾಡಿಸಬೇಕು. ಆಮೇಲೆ ಮಾಡಿಸಿದರೆ ಬಿಸಿಗೆ ಲೇಪನ ಸುಟ್ಟುಹೋಗುತ್ತದೆ. ಬೆಂಕಿಯ ಕೆಲಸವನ್ನು ಯಾರೂ ಮನೆಯಲ್ಲಿ ಮಾಡಬಾರದು ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ, ಕೈಯಲ್ಲಿ ವೆಲ್ಡಿಂಗ್ ಮೆಷಿನ್ ಇದ್ದರೂ ಮಾಡಬಾರದು.

ನಾನು ಹೋದದ್ದು ಶಿವಮೊಗ್ಗದ ಒಂದು ರೇಡಿಯೇಟರ್ ರಿಪೇರಿ ಅಂಗಡಿಗೆ. ಅರವತ್ತು ದಾಟಿದ ಅಲ್ಲಿನ ಸಾಹೇಬರು ಟ್ಯಾಂಕನ್ನು ಕೈಗೆತ್ತಿಕೊಂಡು ಮೊದಲು ಮಾಡಿದ ಕೆಲಸವೆಂದರೆ ಬಾಯಿಗೆ ಮೂಗಿಟ್ಟು ಮೂಸಿ ನೋಡಿದ್ದು. “ತೊಳೆದು ತಂದಿದ್ದೇನೆ ಸಾಹೇಬ್ರೇ, ಒಳಗೆ ಏನೂ ಇಲ್ಲ, ಪೂರ್ತಿ ಖಾಲಿ” ಎಂದೆ. “ಖಾಲಿ ಟ್ಯಾಂಕೇ ಜಾಸ್ತಿ ಅಪಾಯ ಸರ್. ತುಂಬಿದ್ದರೆ ಒಳಗೆ ಗಾಳಿಗೆ ಜಾಗ ಇರಲ್ಲ” ಎಂದು ಅವರು ಮತ್ತೆ ಎರಡು ಸಲ ಸೋಪಿನ ಬಿಸಿನೀರಿನಲ್ಲಿ ತೊಳೆದರು. ಆಮೇಲೆ ಟ್ಯಾಂಕನ್ನು ಮಗುಚಿ, ಓರೆಯಾಗಿ ನಿಲ್ಲಿಸಿ, ಬಿರುಕಿರುವ ಜಾಗ ಮಾತ್ರ ಮೇಲೆ ಉಳಿಯುವಂತೆ ಒಳಗೆ ನೀರು ತುಂಬಿದರು. ನಾನು ನೋಡಿದ ಅತ್ಯಂತ ಎಚ್ಚರದ ಕೆಲಸ ಅದು. ಸಣ್ಣ ಜ್ವಾಲೆಯಲ್ಲಿ ತಗಡು ಕೆಂಪಾಗುತ್ತಿದ್ದಂತೆ ಹಿತ್ತಾಳೆಯ ಕಡ್ಡಿಯನ್ನು ಬಿಳಿಗಾರದ ಪುಡಿಗೆ ಅದ್ದಿ ತಾಗಿಸಿದರು. ಅಕ್ಕಸಾಲಿಗರ ಮನೆಯಲ್ಲಿ ಬಳಸುವ ಅದೇ ಬಿಳಿಗಾರ. ಕರಗಿದ ಹಿತ್ತಾಳೆ ಬಿರುಕಿನುದ್ದಕ್ಕೂ ತುಪ್ಪದಂತೆ ಓಡಿ ಒಳಗೆ ಇಳಿದದ್ದು ಕಣ್ಣಿಗೇ ಕಾಣಿಸಿತು. ಕಾಲು ಗಂಟೆಯ ಕೆಲಸ, 400 ರೂಪಾಯಿ. ಬಿಳಿಗಾರದ ಗಾಜಿನಂಥ ಪೊರೆಯನ್ನು ಕೆತ್ತಿ ತೆಗೆಯದಿದ್ದರೆ ಬಣ್ಣ ನಿಲ್ಲುವುದಿಲ್ಲವೆಂದು ಅವರೇ ತಂತಿ ಬ್ರಷ್ಷಿನಿಂದ ಉಜ್ಜಿ ಕೊಟ್ಟರು. ನಿಮ್ಮ ಊರಿನಲ್ಲಿ ಇಂಥ ಅಂಗಡಿ ಹುಡುಕುವಾಗ ಒಂದೇ ಪರೀಕ್ಷೆ ಸಾಕು: ಟ್ಯಾಂಕನ್ನು ತೊಳೆಯದೆ, ನೀರು ತುಂಬದೆ ಜ್ವಾಲೆ ಹಚ್ಚಲು ಹೊರಟವರಿಂದ ಟ್ಯಾಂಕನ್ನು ವಾಪಸು ಪಡೆದು ದೂರ ಹೋಗಿ. ಈ ಇಡೀ ಪ್ರಸಂಗದಲ್ಲಿ ನಾನು ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಲೆ ಬಂದದ್ದು ಆ 400 ರೂಪಾಯಿಗೆ.

ಮನೆಗೆ ಬಂದು ಕಿಟ್ಟಿನ ತುಕ್ಕುನಾಶಕದಿಂದ ಕೊನೆಯ ಸುತ್ತು ತೊಳೆದು, ಚೀಟಿಯಲ್ಲಿದ್ದಂತೆ ನೀರಿನಿಂದ ಜಾಲಾಡಿಸಿದ ಮೇಲೆ ಉಳಿದದ್ದು ಒಣಗಿಸುವ ಕೆಲಸ, ಎಲ್ಲಕ್ಕಿಂತ ಕಷ್ಟದ್ದು ಅದೇ. ನಿಂಬೆ ಉಪ್ಪಿನಲ್ಲಿ ತೊಳೆದ ಬರಿಯ ಕಬ್ಬಿಣ ಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಅರಿಸಿನದ ನೀರು ಚಿಮುಕಿಸಿದಂತೆ ಮತ್ತೆ ತುಕ್ಕು ಹಿಡಿಯತೊಡಗುತ್ತದೆ. ಫಾಸ್ಫಾರಿಕ್ ಆಮ್ಲ ಬಿಟ್ಟುಹೋಗುವ ತೆಳುವಾದ ಪೊರೆ ಅದನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಹೇರ್ ಡ್ರೈಯರಿನಲ್ಲಿ ಎರಡು ಗಂಟೆ ಬಿಸಿಗಾಳಿ ಬಿಟ್ಟೆ. ಹೇರ್ ಡ್ರೈಯರಿನೊಳಗೆ ಕೆಂಪಗೆ ಕಾಯುವ ತಂತಿ ಇರುವುದರಿಂದ ಪೆಟ್ರೋಲ್, ಥಿನ್ನರ್, ಅಸಿಟೋನ್ ಯಾವುದರ ವಾಸನೆಯಿದ್ದರೂ ಅದನ್ನು ಹತ್ತಿರ ತರಬಾರದು. ನಮ್ಮ ಟ್ಯಾಂಕು ಆ ವೇಳೆಗೆ ಎಷ್ಟೋ ನೀರು ಕಂಡಿತ್ತು. ಒಣಗಿದೆಯೇ ಎಂದು ತಿಳಿಯಲು ಬಾಯಿಗೆ ಪಾಲಿಥೀನ್ ಹಾಳೆ ಕಟ್ಟಿ ಬಿಸಿಲಿನಲ್ಲಿ ಒಂದು ಗಂಟೆ ಇಟ್ಟೆ. ಹಾಳೆಯ ಒಳಬದಿಯಲ್ಲಿ ಮಂಜು ಕಟ್ಟಿತು, ಅಂದರೆ ಇನ್ನೂ ತೇವವಿದೆ. ಮತ್ತೆ ಗಾಳಿ, ಮತ್ತೆ ಹಾಳೆ. ಮೂರನೆಯ ಸಲ ಹಾಳೆ ಒಣಗಿಯೇ ಉಳಿಯಿತು.

ಲೇಪನ ಹಾಕುವ ಕೆಲಸ ಅದರ ಮುಂದೆ ಸಲೀಸು. ತೂತುಗಳಿಂದ ಹೊರಗೆ ಇಳಿಯದಂತೆ ಹೊರಬದಿಗೆ ಟೇಪು ಅಂಟಿಸಿ, ಬಣ್ಣಕ್ಕೆ ತಾಗದಂತೆ ಟ್ಯಾಂಕಿಗೆ ಪಾಲಿಥೀನ್ ಸುತ್ತಿ, ಕಾಕ್‌ನ ಬೋಲ್ಟಿಗೆ ಗ್ರೀಸು ಸವರಿದೆ. ಎರಡು ಡಬ್ಬಿಗಳನ್ನು ಬೆರೆಸಿದ ಮೇಲೆ ಸುಮಾರು ಅರ್ಧ ಗಂಟೆ ಮಾತ್ರ ಅದು ಹರಿಯುವ ಸ್ಥಿತಿಯಲ್ಲಿರುತ್ತದೆ. ಹರಳೆಣ್ಣೆಯಷ್ಟು ಗಟ್ಟಿಯಿರುವ ಆ ಬೂದು ದ್ರವವನ್ನು ಸುರಿದು, ದೋಸೆಕಲ್ಲಿಗೆ ಎಣ್ಣೆ ಹರಡುವಂತೆ ನಿಧಾನವಾಗಿ ಎಲ್ಲ ಕಡೆ ತಿರುಗಿಸಿ, ಉಳಿದುದನ್ನು ಪೂರ್ತಿ ಬಸಿಯಬೇಕು. ತಗ್ಗಿನಲ್ಲಿ ಕೊಳದಂತೆ ನಿಲ್ಲಲು ಬಿಟ್ಟರೆ ಆ ದಪ್ಪ ಭಾಗ ಸರಿಯಾಗಿ ಗಟ್ಟಿಯಾಗದೆ ಮುಂದೆ ಬಿರಿಯುತ್ತದೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಲೇಪನವನ್ನು ಗಟ್ಟಿಯಾಗಿಸುವ ಹಾರ್ಡನರ್ ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆಯೇಳುತ್ತದೆ. ಚೀಟಿ ನಾಲ್ಕು ದಿನ ಸಾಕೆಂದಿತ್ತು, ನಮ್ಮ ನವೆಂಬರಿನ ಚಳಿಗೆ ನಾನು ಒಂದು ವಾರ ಕೊಟ್ಟೆ. ಮುಚ್ಚಳದ ಗಾಳಿಯ ರಂಧ್ರ ಮುಚ್ಚಿಹೋಗಿಲ್ಲವೆಂದು ನೋಡಿಕೊಳ್ಳುವುದನ್ನು ಮರೆಯಬಾರದು. ಕೊನೆಗೆ ಮೂರು ತೂತುಗಳ ಹೊರಬದಿಗೆ ಅದೇ ಹಳೆಯ ಎಪಾಕ್ಸಿ ಪುಟ್ಟಿಯನ್ನು ತೆಳುವಾಗಿ ಮೆತ್ತಿದೆ. ಒಳಗೆ ಆಸರೆಯಿರುವುದರಿಂದ ಈ ಸಲ ಅದು ಅಲ್ಲಾಡಿಲ್ಲ. ತೊಳೆದ ಆಮ್ಲದ ನೀರಿಗೆ ಅಡುಗೆ ಸೋಡಾ ಹಾಕಿ ನೊರೆ ನಿಲ್ಲುವವರೆಗೆ ಕಲಕಿ, ಬಾವಿಯಿಂದಲೂ ತೋಟದಿಂದಲೂ ದೂರ ಚೆಲ್ಲಿದೆ; ಪೆಟ್ರೋಲಿನ ಜಿಡ್ಡು ಬೆರೆತ ಮೊದಲ ನೀರನ್ನು ಮಾತ್ರ ಚೆಲ್ಲದೆ ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲನ್ನು ಒಯ್ಯುವವರಿಗೆ ಕೊಡುವಂತೆ ಗ್ಯಾರೇಜಿಗೆ ತಲುಪಿಸಿದೆ.

ಅಂದಿನಿಂದ 2024 ಮತ್ತು 2025ರ ಮಳೆಗಾಲಗಳು ಕಳೆದಿವೆ. ಪ್ರತಿ ಮಳೆಗಾಲಕ್ಕೆ ಮುಂಚೆ ಟ್ಯಾಂಕನ್ನು ಪೂರ್ತಿ ತುಂಬಿಸಿಡುತ್ತೇನೆ, ಒಳಗೆ ಗಾಳಿ ಕಡಿಮೆಯಿದ್ದಷ್ಟೂ ತೇವ ಹನಿಗಟ್ಟುವುದು ಕಡಿಮೆ. ಹದಿನೈದು ದಿನಕ್ಕೊಮ್ಮೆ ಬೈಕನ್ನು ಹೊರತೆಗೆದು ಓಡಿಸುತ್ತೇನೆ. ಅಡಿಭಾಗಕ್ಕೆ ಬಳಿದ ಸೀಮೆಸುಣ್ಣ ಬಳಿದಂತೆಯೇ ಒಣಗಿಕೊಂಡಿದೆ. ಕಳೆದ ತಿಂಗಳು ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ಒಳಗೆ ನೋಡಿದಾಗ ತಳದ ಲೇಪನ ಹೊಸದರಂತೆ ಹೊಳೆಯುತ್ತಿತ್ತು, ಆದರೆ ಪೆಟ್ರೋಲ್ ಹಾಕುವ ಬಾಯಿಯ ಕೆಳಗೆ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಅದು ಎದ್ದಿತ್ತು. ಆ ಮೂಲೆಗೆ ನಟ್ಟುಗಳು ತಲುಪಿರಲಿಲ್ಲ, ನಾನೂ ಬ್ರಷ್ಷು ಹಾಕಿ ಉಜ್ಜಿರಲಿಲ್ಲ. ಚಕ್ಕೆ ಕಾರ್ಬೊರೇಟರಿಗೆ ಹೋಗದಂತೆ ಪೈಪಿನ ನಡುವೆ ಒಂದು ಫಿಲ್ಟರ್ ಕೂರಿಸಿದ್ದೇನೆ. ಬರುವ ಏಪ್ರಿಲಿನಲ್ಲಿ, ಬಿಸಿಲು ಗಟ್ಟಿಯಾಗಿರುವಾಗ, ಟ್ಯಾಂಕನ್ನು ಇಳಿಸಿ ಬರಿದು ಮಾಡಿ, ತೊಳೆದು, ಆ ಜಾಗವನ್ನು ಮಾತ್ರ ಕೆತ್ತಿ ಮತ್ತೆ ಬಳಿಯಬೇಕೆಂದು ಸಣ್ಣ ಅಳತೆಯ ಅದೇ ಬಗೆಯ ಇನ್ನೊಂದು ಡಬ್ಬಿಗೆ ಹಣ ಕಟ್ಟಿದ್ದೇನೆ.